ಹೇರಿನ ಗಾಡಿಗೆ ದಾರಿ ಬಿಡ್ರಿ

ಬ್ಯಾಟರಿ ಗಾಡಿಗಳು ಎಲ್ಲಿ ಓಡಬೇಕು, ಎಷ್ಟು ಜೋರಾಗಿ ಓಡಬೇಕು, ಎದುರಿಗೆ ಎಮ್ಮೆ ಬಂದರೆ ಏನು ಮಾಡಬೇಕು ಎಂಬುದಕ್ಕೆ ಈ ದೇಶದಲ್ಲಿ ಮೊಟ್ಟಮೊದಲು ಕಾಯ್ದೆ ಮಾಡಿದವರು ನಮ್ಮ ಸೋದರಮಾವ. ಈ ಸಂಗತಿ ದಿಲ್ಲಿಗೆ ಇನ್ನೂ ಗೊತ್ತಿಲ್ಲ. ಬೆಂಗಳೂರಿಗೂ ಗೊತ್ತಿಲ್ಲ. ಬೆಂಗಳೂರಿಗೆ ನಮ್ಮ ಮುದ್ದೇಬಿಹಾಳವೇ ನೆಟ್ಟಗೆ ಗೊತ್ತಿಲ್ಲ, ಇನ್ನು ಮಾವ ಎಲ್ಲಿಂದ ಗೊತ್ತಿರಬೇಕು! ಆದರೆ ನಾಲತವಾಡದ ಕಡೆ ಯಾವ ಕುರಿ ಕಾಯುವವನನ್ನಾದರೂ ನಿಲ್ಲಿಸಿ ಕೇಳಿ ನೋಡಿ. "ದಾರಿ ಗೌಡ್ರ ಏನ್ರಿ?" ಎಂದು ನಗುತ್ತಾನೆ. ನಕ್ಕ ಮೇಲೆ, ಅವರೆಲ್ಲಾದರೂ ಕೇಳಿಸಿಕೊಂಡರೋ ಎಂದು ಒಮ್ಮೆ ಹಿಂದೆ ತಿರುಗಿಯೂ ನೋಡುತ್ತಾನೆ.

ಮಾವ ಪೊಲೀಸರಲ್ಲ, ಆರ್‌ಟಿಓ ಅಲ್ಲ, ಪಂಚಾಯಿತಿ ಮೆಂಬರೂ ಅಲ್ಲ. ಒಮ್ಮೆ ಮೆಂಬರ್ ಆಗಲು ಎಲೆಕ್ಷನ್ನಿಗೆ ನಿಂತಿದ್ದರು. ತನಗೆ ತಾನೇ ಓಟು ಹಾಕಿಕೊಳ್ಳುವುದು ಮರ್ಯಾದಸ್ಥರ ಲಕ್ಷಣವಲ್ಲ ಎಂದು ಎದುರಾಳಿಗೆ ಹಾಕಿ ಬಂದರು. ಒಂದೇ ಓಟಿನಿಂದ ಸೋತರು. ಅತ್ತೆ ಯಾರಿಗೆ ಹಾಕಿದಳು ಎಂಬುದನ್ನು ಇವತ್ತಿನವರೆಗೂ ಹೇಳಿಲ್ಲ.

ಹಾಗಾದರೆ ಇವರಿಗೆ ಅಧಿಕಾರ ಕೊಟ್ಟವರು ಯಾರು? ಕೃಷ್ಣಾ ನದಿ. ಆಲಮಟ್ಟಿಯ ನೀರು ನಮ್ಮ ಕಡೆ ಹರಿಯಲೆಂದು ಕಾಲುವೆ ತೋಡಿದಾಗ ಅದು ಮಾವನ ಹೊಲದ ನಟ್ಟನಡುವೆ ಹಾದುಹೋಯಿತು. ಸರಕಾರ ಪರಿಹಾರ ಕೊಟ್ಟಿತು, ಮಾವ ತೆಗೆದುಕೊಂಡರು, ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮಾವನ ಪ್ರಕಾರ ಅವರು ಬಿಟ್ಟುಕೊಟ್ಟದ್ದು ನೀರು ಹರಿಯುವ ಜಾಗವನ್ನು ಮಾತ್ರ. ಕಾಲುವೆಯ ದಂಡೆಯ ಮೇಲೆ ಜನ ಓಡಾಡುತ್ತಾರಲ್ಲ, ಆ ದಾರಿಯ ಜವಾಬ್ದಾರಿ ಇನ್ನೂ ಅವರದೇ!

ದಾರಿ ಅಂದರೆ ಎಂಥ ದಾರಿ? ಒಂದು ಚಕ್ಕಡಿ ಹೋಗುವಷ್ಟು ಅಗಲ. ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಹೊಲಕ್ಕೆ ಇಳಿಯುವ ಇಳಿಜಾರು. ಡಾಂಬರು ರಸ್ತೆ ಊರೆಲ್ಲ ಸುತ್ತಿ ಹೋಗುವುದರಿಂದ ಮುಂದಿನ ಊರಿಗೆ ಹೋಗುವವರಿಗೆಲ್ಲ ದಂಡೆಯೇ ಹತ್ತಿರ. ಎತ್ತು, ಎಮ್ಮೆ, ಕುರಿ, ಸೈಕಲ್ಲು, ತಲೆಯ ಮೇಲೆ ಹೊರೆ ಹೊತ್ತ ಹೆಂಗಸರು, ಸಾಲಿಗೆ ಹೋಗುವ ಹುಡುಗರು, ಎಲ್ಲರೂ ಅದರ ಮೇಲೆಯೇ. ಎದುರುಬದುರು ಬಂದರೆ ಯಾರಾದರೊಬ್ಬರು ಸರಿಯಲೇಬೇಕು.

ಅದಕ್ಕೆ ನಮ್ಮ ಕಡೆಯ ಹೊಲದ ದಾರಿಗಳಲ್ಲಿ ಹಳೆಯ ರೂಢಿಯೊಂದಿದೆ. ಹೇರು ಇದ್ದವರು ಹೋಗಬೇಕು, ಖಾಲಿ ಇದ್ದವರು ಸರಿಯಬೇಕು. ಹೇರು ಅಂದರೆ ಭಾರ. ಜೋಳದ ಚೀಲ ಹೇರಿದ ಚಕ್ಕಡಿಗೆ ಖಾಲಿ ಚಕ್ಕಡಿ ದಾರಿ ಬಿಡಬೇಕು. ಮೇವಿನ ಹೊರೆ ಹೊತ್ತ ಕೂಲಿ ಹೆಂಗಸಿಗೆ ಕೈಬೀಸಿಕೊಂಡು ಬರುವ ಊರ ಗೌಡನೂ ದಾರಿ ಬಿಡಬೇಕು. ಇದರಲ್ಲಿ ಜಾತಿ ನಡೆಯುವುದಿಲ್ಲ, ರೊಕ್ಕ ನಡೆಯುವುದಿಲ್ಲ. ಹೊತ್ತವರು ಇಳಿಸಿದರೆ ಮತ್ತೆ ಎತ್ತಿ ಕೊಡುವವರು ಯಾರು ಎಂಬುದೊಂದೇ ಅದರ ಹಿಂದಿನ ನ್ಯಾಯ.

ಈ ರೂಢಿಯನ್ನು ಎಲ್ಲರೂ ಸುಮ್ಮನೆ ಪಾಲಿಸಿಕೊಂಡು ಬಂದಿದ್ದರು. ಮಾವ ಅದನ್ನು ಕಾಯ್ದೆ ಮಾಡಿದರು. ವ್ಯತ್ಯಾಸ ಏನು ಗೊತ್ತೆ? ರೂಢಿಗೆ ನ್ಯಾಯಾಧೀಶರು ಬೇಕಿಲ್ಲ, ಕಾಯ್ದೆಗೆ ಬೇಕು! ಕಾಲುವೆಯ ಸೇತುವೆಯ ಪಕ್ಕ ಬೇವಿನ ಗಿಡವೊಂದಿದೆ, ಅದರ ಬುಡಕ್ಕೊಂದು ಕಟ್ಟೆ. ಹೊಲದ ಕೆಲಸ ಮುಗಿಸಿ ಮಾವ ಅಲ್ಲಿ ಬಂದು ಕೂತರೆ ಕೋರ್ಟು ಶುರುವಾಯಿತೆಂದೇ ಲೆಕ್ಕ. ಕೈಯಲ್ಲಿ ಬಾರುಕೋಲು, ಕೊರಳಲ್ಲಿ ಬಾಗೇವಾಡಿ ಸಂತೆಯಲ್ಲಿ ಕೊಂಡ ಪೀಪಿ. ಅಲ್ಲಿಂದ ದಂಡೆ ಎರಡೂ ಕಡೆಗೆ ದೂರದವರೆಗೆ ಕಾಣುತ್ತದೆ.

ನಾನು ಬಸವನ ಬಾಗೇವಾಡಿಯ ಸೊಸೈಟಿಯೊಂದರಲ್ಲಿ ಗುಮಾಸ್ತೆ. ರಜೆ ಬಂದರೆ ಮಾವನ ಊರಿಗೆ ಓಡುತ್ತಿದ್ದೆ. ಊಟ ಅತ್ತೆಯದು, ಮನರಂಜನೆ ಮಾವನದು. ಕಟ್ಟೆಯ ಮೇಲೆ ಅವರ ಪಕ್ಕದಲ್ಲಿ ಕೂತು ನಾನು ಕೇಳಿದ ತೀರ್ಪುಗಳನ್ನು ಯಾವ ವಕೀಲರೂ ಕೇಳಿರಲಾರರು.

ಒಮ್ಮೆ ಕುರಿ ಹಿಂಡಿಗೂ ಗೊಬ್ಬರದ ಚಕ್ಕಡಿಗೂ ಎದುರುಬದುರಾಯಿತು. ಗೊಬ್ಬರ ಹೇರು, ಕುರಿ ಖಾಲಿ. ಕುರಿ ಇಳಿಯಬೇಕು. ಆದರೆ ಕುರಿಯವನು ಜಾಣ. ಹಿಂಡಿನಲ್ಲಿ ಗಬ್ಬದ ಕುರಿಗಳಿವೆ, ಅವು ಹೊಟ್ಟೆಯಲ್ಲಿ ಹೊತ್ತಿದ್ದು ಹೇರಲ್ಲವೇ ಎಂದು ಕೇಳಿದ. ಮಾವ ಕಣ್ಣು ಮುಚ್ಚಿ ವಿಚಾರ ಮಾಡಿದರು. ಹೌದು, ಹೇರೇ. ಅದೂ ಇಳಿಸಲು ಬಾರದ ಹೇರು! ಗೊಬ್ಬರದ ಚಕ್ಕಡಿ ಸರಿದು ನಿಂತಿತು. ಅವತ್ತಿನಿಂದ ಆ ಕುರಿಯವನ ಹಿಂಡು ವರ್ಷವಿಡೀ ಗಬ್ಬವೇ. ಒಂದು ದಿನ ಬರೀ ಟಗರುಗಳನ್ನು ಹೊಡೆದುಕೊಂಡು ಬಂದು ಅದೇ ಮಾತು ಹೇಳಿದಾಗ ಮಾವ ಬಾರುಕೋಲು ಹಿಡಿದು ಅವನ ಬೆನ್ನು ಹತ್ತಿದರು.

ಇನ್ನೊಮ್ಮೆ ಕಾಲುವೆ ನೋಡಲು ಎಂಜಿನಿಯರ್ ಸಾಹೇಬರು ಜೀಪಿನಲ್ಲಿ ಬಂದರು. ಎದುರಿಗೆ ಜೋಳದ ಕಣಕಿಯ ಹೊರೆ ಹೊತ್ತ ಮುದುಕಿ. ಮಾವ ಪೀಪಿ ಊದಿದರು. ಒಳಗೆ ಸಾಹೇಬರಿದ್ದಾರೆ ಎಂದು ಡ್ರೈವರ್ ಕೂಗಿದ. ಮಾವ ಹತ್ತಿರ ಹೋಗಿ, ಕಿಟಕಿಯಿಂದ ಒಳಗೆ ಬಗ್ಗಿ, ಹಿಂದಿನ ಸೀಟನ್ನೂ ನೋಡಿ, "ಸಾಹೇಬ್ರು ಅದಾರ ಖರೆ, ಆದ್ರ ಗಾಡಿ ಖಾಲಿ ಐತಿ," ಎಂದರು. ಜೀಪು ಸೇತುವೆಯ ತನಕ ಹಿಂದೆ ಸರಿಯಿತು. ಸಾಹೇಬರು ಒಳ್ಳೆಯವರು, ಸಿಟ್ಟು ಮಾಡಲಿಲ್ಲ. ಆದರೆ ಮುಂದಿನ ಸಲ ಬರುವಾಗ ಹಿಂದಿನ ಸೀಟಿನಲ್ಲಿ ಸಿಮೆಂಟಿನ ಚೀಲಗಳನ್ನು ಹಾಕಿಕೊಂಡೇ ಬಂದರು.

ಮೋಟರ್‌ಸೈಕಲ್ಲಿಗೆ ಮಾತ್ರ ದಂಡೆಯ ಮೇಲೆ ಪ್ರವೇಶವೇ ಇಲ್ಲ. ಯಾರದೋ ಮೋಟರ್‌ಸೈಕಲ್ಲಿನ ಸದ್ದಿಗೆ ಎತ್ತು ಬೆದರಿ, ಚಕ್ಕಡಿ ಸಮೇತ ನೀರಿಗೆ ಇಳಿದ ಮೇಲೆ ಆದ ಕಾಯ್ದೆ ಅದು. ಬರುವುದಿದ್ದರೆ ಎಂಜಿನ್ ಬಂದ್ ಮಾಡಿ, ಇಳಿದು, ದಬ್ಬಿಕೊಂಡು ಹೋಗಬೇಕು. ಹೊಸ ಗಾಡಿ ಕೊಂಡ ಹುಡುಗರು ಮದುವೆಯಾದ ಹೊಸದರಲ್ಲಿ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಬಂದು, ಸೇತುವೆಯ ಹತ್ತಿರ ಇಳಿದು, ಒಬ್ಬರು ಹ್ಯಾಂಡಲ್, ಒಬ್ಬರು ಸೀಟು ಹಿಡಿದು ದಬ್ಬುತ್ತಿದ್ದರು. ಅವರ ಸಂಸಾರ ಮುಂದೆ ಸುಗಮವಾಗಿ ಸಾಗಿದ್ದಕ್ಕೆ ತಾವೇ ಕಾರಣವೆಂದು ಮಾವನ ನಂಬಿಕೆ.

ಇಂಥ ಮಾವನಿಗೆ ಹೆದರದ ಒಂದೇ ಒಂದು ಜೀವ ಅಂದರೆ ಅವರ ಹೆಂಡತಿ, ನನ್ನ ಅತ್ತೆ. ಅವಳು ಮುಂದಿನ ಊರಿನ ಸಾಲಿಯಲ್ಲಿ ಟೀಚರು. ನಮ್ಮ ಕಡೆ ಟೀಚರಮ್ಮನಿಗೆ ಅಕ್ಕೋರು ಅನ್ನುತ್ತಾರೆ. ದಿನಾ ಬೆಳಿಗ್ಗೆ ದಂಡೆ ಹಿಡಿದು ನಡೆದು ಹೋಗಿ, ಸಂಜೆ ನಡೆದು ಬರುವುದು. ಒಂದು ಸಲ ಪರೀಕ್ಷೆಯ ಪೇಪರುಗಳ ಗಂಟು ಹೊತ್ತುಕೊಂಡು ಬರುತ್ತಿದ್ದಾಗ ಎದುರಿಗೆ ಈರುಳ್ಳಿ ಹೇರಿದ ಸೈಕಲ್ ಬಂತು. ಕಾಗದ ಹೇರಲ್ಲ, ಅತ್ತೆ ಇಳಿಯಬೇಕು ಎಂದು ಮಾವ ಪೀಪಿ ಊದಿದರು. ಅತ್ತೆ ಇಳಿಯಲಿಲ್ಲ. ಸೀದಾ ಕಟ್ಟೆಗೆ ಬಂದು ಗಂಟನ್ನು ಮಾವನ ತೊಡೆಯ ಮೇಲೆ ಇಟ್ಟು, "ಇವನ್ನ ಇವತ್ತ ಸಂಜೀತನಕ ನೀವ ತಿದ್ದಿ ಕೊಡ್ರಿ. ಆಮ್ಯಾಲ ಹೇರೋ ಅಲ್ಲೋ ಹೇಳ್ರಿ," ಎಂದಳು. ಮಾವ ಎರಡು ಪೇಪರು ಓದಿದರು. ಮರುದಿನದಿಂದ ಪರೀಕ್ಷೆಯ ಪೇಪರು ಹೇರಿನ ಪಟ್ಟಿಗೆ ಸೇರಿತು.

ಹೀಗೆ ನಗುನಗುತ್ತಾ ನಡೆದಿದ್ದ ಸಂಸಾರಕ್ಕೆ ಅಡ್ಡ ಬಂದದ್ದು ಅತ್ತೆಯ ಮೊಣಕಾಲು. ಕೂತರೆ ಏಳಲು ಬಾರದು, ಎದ್ದರೆ ಕೂರಲು ಬಾರದು. ಮುದ್ದೇಬಿಹಾಳದ ಡಾಕ್ಟರು ನೋಡಿ, ಮೊಣಕಾಲಿನ ಕೀಲು ಸವೆದಿದೆ, ನಡಿಗೆ ಬಿಡಬೇಕು ಎಂದುಬಿಟ್ಟರು. ಬಸ್ಸು ಸುತ್ತಿ ಬರುವುದು ಸಾಲಿ ಶುರುವಾಗಿ ಅರ್ಧ ದಿನ ಕಳೆದ ಮೇಲೆ. ನಡೆಯದೆ ಸಾಲಿಗೆ ಹೋಗುವುದು ಹೇಗೆ? ಅತ್ತೆಯ ತಂಗಿ ಸಿಂದಗಿಯಲ್ಲಿದ್ದಳು. ಅವಳ ಮನೆಯ ಎದುರಿಗೇ ಸರಕಾರಿ ಸಾಲಿ, ಅಲ್ಲೊಂದು ಜಾಗ ಖಾಲಿ. ವರ್ಗಾವಣೆಯ ಕೌನ್ಸೆಲಿಂಗ್ ಕೂಡ ಹತ್ತಿರ ಬಂದಿತ್ತು. ನಿವೃತ್ತಿಗೆ ಇನ್ನೂ ವರ್ಷಗಳಿದ್ದವು. ಹೋದರೆ ಅಷ್ಟೂ ವರ್ಷ ಅವಳು ಅಲ್ಲಿ, ಇವರು ಇಲ್ಲಿ. ಮಗಳು ಮದುವೆಯಾಗಿ ಇಂಡಿ ತಾಲೂಕಿನಲ್ಲಿದ್ದಾಳೆ. ಎತ್ತು ಮತ್ತು ಹೊಲ ಬಿಟ್ಟು ಮಾವ ಎಲ್ಲಿಗೂ ಹೋಗುವವರಲ್ಲ.

"ಹೋಗ್ಲಿ ಬಿಡು ಸೊಸಿ. ಸಿಂದಗಿ ಏನ್ ಸಮುದ್ರದ ಆಚೀಕ ಐತೇನು?" ಎಂದರು ಮಾವ ನನ್ನ ಮುಂದೆ. ಅಕ್ಕನ ಮಗಳನ್ನು ಸೊಸೆ ಅನ್ನುವುದು ನಮ್ಮ ಕಡೆಯ ವಾಡಿಕೆ. ಆದರೆ ಅವತ್ತು ಮಧ್ಯಾಹ್ನ ಹೇರಿದ ಚಕ್ಕಡಿಗೂ ಖಾಲಿ ಚಕ್ಕಡಿಗೂ ವ್ಯಾಜ್ಯ ಬಂದಾಗ ಖಾಲಿಯವನೇ ಹೋಗಲಿ ಎಂದು ತೀರ್ಪು ಕೊಟ್ಟು, ಆಮೇಲೆ ಗಾಬರಿಯಾಗಿ ಅವರ ಹಿಂದೆ ಓಡಿಹೋಗಿ ತಿದ್ದಿ ಬಂದರು. ಆಗಲೇ ನನಗೆ ಸಂಕಟವಾಯಿತು.

ಈ ಸಂಕಟದಲ್ಲಿಯೇ ನಾನು ಬ್ಯಾಟರಿ ಗಾಡಿಯನ್ನು ಊರಿಗೆ ತಂದೆ. ಪೆಟ್ರೋಲ್ ತುಟ್ಟಿಯಾಯಿತೆಂದು ಜನ ಗೊಣಗುತ್ತಿದ್ದ ಕಾಲ. ವಿಜಾಪುರದಲ್ಲಿ ಬ್ಯಾಟರಿ ಸ್ಕೂಟರಿನ ಅಂಗಡಿಯೊಂದು ಹೊಸದಾಗಿ ಆಗಿತ್ತು. ಲೈಸೆನ್ಸ್ ಬೇಡ, ನಂಬರ್ ಪ್ಲೇಟ್ ಬೇಡ, ಪೆಟ್ರೋಲ್ ಬೇಡ, ಸದ್ದಂತೂ ಇಲ್ಲವೇ ಇಲ್ಲ. ಅತ್ತೆಯನ್ನು ಕರೆದುಕೊಂಡು ಹೋಗಿ ಕೊಡಿಸಿದೆ. ಸಾಲಿಯ ಬಯಲಿನಲ್ಲಿ ಹುಡುಗರೆಲ್ಲ ಚಪ್ಪಾಳೆ ತಟ್ಟುತ್ತಿದ್ದಾಗ ಅವಳು ಸೆರಗು ಬಿಗಿದುಕೊಂಡು ಗಾಡಿ ಕಲಿತಳು. ಎರಡು ಸಲ ಧ್ವಜಸ್ತಂಭಕ್ಕೆ ಗುದ್ದಿದಳು. ಎರಡೂ ಸಲ ಧ್ವಜಸ್ತಂಭದ್ದೇ ತಪ್ಪು!

ಮನೆಗೆ ಬಂದ ಗಾಡಿಯನ್ನು ಮಾವ ಸಂತೆಯಲ್ಲಿ ಎತ್ತು ನೋಡುವ ಹಾಗೆ ಸುತ್ತು ಹಾಕಿ ನೋಡಿದರು. ಬೆನ್ನು ತಟ್ಟಿದರು. ಹಿಂದಿನ ದೀಪ ಮುಟ್ಟಿದರು. ಮುಂದೆ ಬಂದು ಹಲ್ಲು ಎಲ್ಲಿವೆ ಎಂದು ಹುಡುಕಿದರೋ ಏನೋ, ಬಹಳ ಹೊತ್ತು ಬಗ್ಗಿ ನಿಂತಿದ್ದರು.

"ಇದು ಏನ್ ತಿಂತೈತಿ?"

"ಕರೆಂಟ್, ಮಾವಾ."

"ಯಾವಾಗ ತಿಂತೈತಿ?"

"ಕರೆಂಟ್ ಬಂದಾಗ."

ಮಾವ ನನ್ನ ಮುಖವನ್ನೇ ನೋಡಿದರು. ನಮ್ಮೂರಿನ ಕರೆಂಟು ಬೀಗರ ಹಾಗೆ, ಬರುವ ಹೊತ್ತು ಹೇಳುವುದಿಲ್ಲ, ಬಂದರೆ ನಿಲ್ಲುವುದಿಲ್ಲ. "ಒಪ್ಪತ್ತು ಮಾಡೋ ಎತ್ತು ತಂದೀಯಲ್ಲ, ಸೊಸಿ," ಎಂದು ನಿಟ್ಟುಸಿರು ಬಿಟ್ಟರು.

ಆಮೇಲೆ ಕಟ್ಟೆಯ ಮೇಲೆ ದೊಡ್ಡ ವಿಚಾರಣೆ ನಡೆಯಿತು. ದಂಡೆಯ ಮೇಲೆ ಇದಕ್ಕೆ ಪ್ರವೇಶ ಉಂಟೋ ಇಲ್ಲವೋ? ಪೆಡಲ್ ಇಲ್ಲ, ಆದ್ದರಿಂದ ಸೈಕಲ್ ಅಲ್ಲ. ಹೊಗೆ ಇಲ್ಲ, ಸದ್ದಿಲ್ಲ, ಆದ್ದರಿಂದ ಮೋಟರ್‌ಸೈಕಲ್ಲೂ ಅಲ್ಲ. ರಿಟೈರ್ ಆದ ಬಸ್ ಕಂಡಕ್ಟರ್ ಒಬ್ಬರು, ಸರಕಾರವೇ ಲೈಸೆನ್ಸ್ ಕೇಳುವುದಿಲ್ಲ ಅಂದ ಮೇಲೆ ನಾವ್ಯಾಕೆ ಕೇಳಬೇಕು, ಇದನ್ನು ಸೈಕಲ್ ಎಂದೇ ತಿಳಿಯೋಣ ಎಂದರು. ತನ್ನಷ್ಟಕ್ಕೆ ತಾನೇ ಸದ್ದಿಲ್ಲದೆ ಓಡುವುದು ಏನಿದ್ದರೂ ಅದು ದೆವ್ವ, ಅದಕ್ಕೆ ದಾರಿ ಕೊಡದಿದ್ದರೂ ತಾನೇ ತೆಗೆದುಕೊಳ್ಳುತ್ತದೆ ಎಂದ ಇನ್ನೊಬ್ಬ. ಮಾವ ಎಲ್ಲರ ಮಾತು ಕೇಳಿ, ಎತ್ತು ಬೆದರದಿದ್ದರೆ ಸೈ ಎಂದು ಸದ್ಯಕ್ಕೆ ಪ್ರವೇಶ ಕೊಟ್ಟರು.

ಎತ್ತು ಬೆದರಲಿಲ್ಲ. ಬೆದರಿದ್ದು ಹೆಂಗಸರು! ಎರಡನೆಯ ದಿನವೇ ಇಬ್ಬರು ಹೆಂಗಸರು ದಂಡೆಯ ಮೇಲೆ ಅಕ್ಕೋರ ಸುದ್ದಿಯನ್ನೇ ಮಾತಾಡಿಕೊಂಡು ಹೊರಟಿದ್ದರು. ಈ ವಯಸ್ಸಿನಲ್ಲಿ ಗಾಡಿ ಬೇಕಿತ್ತೇ, ನಾಲತವಾಡದ ಸೀರೆ ನೋಡಿದರೆ ಹಾಗೆ, ನಡೆ ನೋಡಿದರೆ ಹೀಗೆ. ಅಕ್ಕೋರು ಬಹಳ ದೂರದಿಂದ ಅವರ ಬೆನ್ನ ಹಿಂದೆಯೇ ಗಾಡಿಯಲ್ಲಿ ಮೆಲ್ಲಗೆ ಬರುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು. ಕೊನೆಗೆ, "ಸೀರಿ ನಾಲತವಾಡದ್ದಲ್ಲವಾ, ಮುದ್ದೇಬಿಹಾಳದ್ದು," ಎಂದು ತಿದ್ದಿದಳು. ಒಬ್ಬಳು ಇಳಿಜಾರಿನ ಕಡೆ ಹಾರಿದಳು. ಇನ್ನೊಬ್ಬಳು ನೀರಿನ ಕಡೆ ಹಾರುವವಳು ಹೇಗೋ ಉಳಿದಳು.

ಸಂಜೆ ಊರಿನ ಅರ್ಧ ಹೆಂಗಸರು ಕಟ್ಟೆಯ ಮುಂದೆ ನಿಂತರು. ಸದ್ದಿಲ್ಲದ ಗಾಡಿ ಬಂದ ಮೇಲೆ ಮರ್ಯಾದೆಯಿಂದ ಇನ್ನೊಬ್ಬರ ಬಗ್ಗೆ ಆಡಿಕೊಳ್ಳುವುದು ಹೇಗೆ? ಮಾವನಿಗೂ ಇದು ನ್ಯಾಯವೆನಿಸಿತು. ಎತ್ತು ಬರುವುದು ದೂರದಿಂದಲೇ ತಿಳಿಯಲೆಂದು ಕೊರಳಿಗೆ ಗೆಜ್ಜೆಸರ ಕಟ್ಟುವುದಿಲ್ಲವೇ? ಮನೆಯ ಗೂಟಕ್ಕೆ ನೇತುಹಾಕಿದ್ದ ಗೆಜ್ಜೆಸರವನ್ನು ತಂದು ಹ್ಯಾಂಡಲಿಗೆ ಕಟ್ಟಿದರು.

"ನಾ ಏನ್ ಎತ್ತೇನ್ರಿ?" ಎಂದಳು ಅತ್ತೆ.

"ನಿನಗ ಕಟ್ಟಿಲ್ಲ, ಗಾಡಿಗೆ ಕಟ್ಟೇನಿ," ಎಂದರು ಮಾವ.

ಅಲ್ಲಿಂದ ಅತ್ತೆ ಘಲ್ ಘಲ್ ಎಂದು ಸಾಲಿಗೆ ಹೋಗತೊಡಗಿದಳು. ಅವಳು ಇನ್ನೂ ದಂಡೆಯ ತಿರುವಿನಲ್ಲಿರುವಾಗಲೇ ಸಾಲಿಯ ಮಕ್ಕಳು ಗಿಡ ಇಳಿದು, ಕೈತೊಳೆದು, ಸಾಲಾಗಿ ಕೂತು, ಮಗ್ಗಿ ಹೇಳುತ್ತಿದ್ದರು. ಅಂಥ ಶಿಸ್ತನ್ನು ನೋಡಿ ಸಾಲಿ ತಪಾಸಣೆಗೆ ಬಂದ ಇನ್‌ಸ್ಪೆಕ್ಟರು ಹೊಗಳಿ ಹೋದರು. ಅತ್ತೆಗೆ ಮಾತ್ರ ದುಃಖ. ತನ್ನ ಕೈಗೆ ಒಬ್ಬನೂ ಸಿಕ್ಕಿಬೀಳುವುದಿಲ್ಲವಲ್ಲ!

ಇಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಮುಖ್ಯ ಪ್ರಶ್ನೆ ಹಾಗೇ ಉಳಿದಿತ್ತು. ಅತ್ತೆ ಕೂತ ಬ್ಯಾಟರಿ ಗಾಡಿ ಹೇರೋ, ಖಾಲಿಯೋ? ಮಾವ ಒಂದು ರಾತ್ರಿಯಿಡೀ ನಿದ್ದೆಗೆಟ್ಟು ವಿಚಾರ ಮಾಡಿ, ಮುಂಜಾನೆ ಖಾಲಿ ಎಂದು ತೀರ್ಪು ಕೊಟ್ಟರು. ಸಾಹೇಬರು ಕೂತ ಜೀಪು ಖಾಲಿ ಅಂದ ಮೇಲೆ ಹೆಂಡತಿ ಕೂತ ಗಾಡಿ ಹೇರಾಗುವುದು ಹೇಗೆ? ಸಾಹೇಬರಿಗೆ ಒಂದು, ಮನೆಯವರಿಗೆ ಒಂದು ಕಾಯ್ದೆ ಮಾಡಿದರೆ ಊರು ನಗುವುದಿಲ್ಲವೇ?

ಕಾಯ್ದೆಯೇನೋ ನೇರವಾಗಿಯೇ ಇತ್ತು. ಮೊಣಕಾಲಿಗೆ ಅದು ತಿಳಿಯಬೇಕಲ್ಲ! ಎದುರಿಗೆ ಸೆಗಣಿ ಪುಟ್ಟಿ ಹೊತ್ತವಳು ಬಂದರೆ ಅತ್ತೆ ಇಳಿಯಬೇಕು, ಗಾಡಿಯನ್ನು ಅಂಚಿಗೆ ಎಳೆಯಬೇಕು, ಮತ್ತೆ ಹತ್ತಬೇಕು. ನಾಲ್ಕು ಹೆಜ್ಜೆ ಹೋದರೆ ಬಟ್ಟೆ ಹೇರಿದ ಕತ್ತೆ. ಮತ್ತೆ ಇಳಿ, ಎಳೆ, ಹತ್ತು. ಹಾಲಿನ ಕ್ಯಾನಿನ ಸೈಕಲ್, ತೊಗರಿಯ ಚಕ್ಕಡಿ, ನೀರಿನ ಕೊಡ. ನಡೆದು ಹೋಗುವಾಗ ಇದ್ದ ನೋವಿಗಿಂತ ಇಳಿದು ಹತ್ತುವ ನೋವೇ ಹೆಚ್ಚಾಯಿತು. ಪಾಪ, ಹೊರೆ ಹೊತ್ತವರೇ "ನೀವ ಹೋಗ್ರಿ ಅಕ್ಕೋರ" ಎಂದು ಸರಿದು ನಿಲ್ಲುತ್ತಿದ್ದರು. ಕೂಡಲೇ ದೂರದ ಬೇವಿನ ಗಿಡದಿಂದ ಪೀಪಿ ಕೇಳಿಸುತ್ತಿತ್ತು. ಬೇರೆ ಯಾವ ಗಂಡನಿಗೂ ಅಷ್ಟು ದೂರದ ಹೆಂಡತಿ ಕಾಣುವುದಿಲ್ಲ ನೋಡಿ!

ಅತ್ತೆ ಎಂಜಿನಿಯರ್ ಸಾಹೇಬರ ಉಪಾಯವನ್ನೂ ಮಾಡಿ ನೋಡಿದಳು. ಕಾಲಿಡುವ ಜಾಗದಲ್ಲಿ ಅರ್ಧ ಚೀಲ ಜೋಳ ಇಟ್ಟುಕೊಂಡು, ತಾನೀಗ ಹೇರು ಎಂದು ರಾಣಿಯಂತೆ ಎಲ್ಲರ ನಡುವೆ ಹಾದುಹೋದಳು. ಮಾವ ನಾಲ್ಕು ದಿನ ಸುಮ್ಮನೆ ನೋಡಿದರು. ಐದನೆಯ ದಿನ ಗಾಡಿ ನಿಲ್ಲಿಸಿ, ಚೀಲ ಮುಟ್ಟಿ, "ಈ ಜ್ವಾಳ ಮುಂಜಾನೆ ಹೋಗತೈತಿ, ಸಂಜೀಕ ತಿರುಗಿ ಬರತೈತಿ. ಇದನ್ನ ಎಲ್ಲಿ ಇಳಸ್ತೀ?" ಎಂದು ಕೇಳಿದರು. ಅತ್ತೆ ಚೀಲವನ್ನು ಕಾಲಿನಿಂದ ಒಳಗೆ ಸರಿಸಿದಳು. "ಎಲ್ಲೂ ಇಳಸಲಾರದ್ದು ಹೇರಲ್ಲ," ಎಂದು ಹೊಸ ಕಾಯ್ದೆ ಸಾರಿಬಿಟ್ಟರು. ದಂಡೆಯ ಮೇಲಿದ್ದವರೆಲ್ಲ ಅದನ್ನು ಬಾಯಿಪಾಠ ಮಾಡಿಕೊಂಡರು. ಎಂಜಿನಿಯರ್ ಸಾಹೇಬರ ಸಿಮೆಂಟಿಗೂ ಅವತ್ತೇ ಗತಿ ಕಾಣಿಸಿತು.

ಆ ಸಂಜೆ ಅತ್ತೆ ಮನೆಗೆ ಬಂದವಳೇ ಮೊಣಕಾಲಿಗೆ ಬಿಸಿ ಉಪ್ಪಿನ ಗಂಟು ಇಟ್ಟುಕೊಂಡು ಕೂತು, ಸಿಂದಗಿಗೆ ಅರ್ಜಿ ಹಾಕುತ್ತೇನೆ ಎಂದಳು. ಜಗಳ ಮಾಡಲಿಲ್ಲ, ಅಳಲಿಲ್ಲ. ಅದೇ ನನಗೆ ಹೆದರಿಕೆಯಾದದ್ದು. ಅರ್ಜಿ ಹಾಕಿಯೂ ಬಿಟ್ಟಳು.

ನನಗೆ ತಡೆಯಲಾಗಲಿಲ್ಲ. ಕಟ್ಟೆಗೆ ಹೋಗಿ ಮಾವನೊಂದಿಗೆ ಬಾಯಿಗೆ ಬಂದಂತೆ ಜಗಳವಾಡಿದೆ. ಕುರಿಯ ಹೊಟ್ಟೆಯೊಳಗಿನ ಮರಿ ಕಂಡ ನಿನಗೆ ಹೆಂಡತಿಯ ಮೊಣಕಾಲು ಕಾಣುವುದಿಲ್ಲವೇ ಎಂದೆ. ಕುರಿಗಿಂತ ಕಡೆಯಾದಳೇ ಅವಳು ಎಂದೆ. ಮಾವ ಬಾರುಕೋಲಿನಿಂದ ನೆಲ ಕೆದಕಿದರು.

"ಸೊಸಿ, ಮಂದಿಗೆ ಇಷ್ಟ ವರ್ಷ ನಿಂತು ಹೇಳೇನಿ. ನನ್ನ ಹೆಣ್ತಿ ಅಂತ ಬಿಟ್ರ ಕಾಯ್ದೆ ಉಳಿತೈತೇನು?"

"ಅತ್ತಿ ಉಳಿತಾಳೇನು, ಅದನ್ನ ಹೇಳು."

ಸುಳ್ಳು ಯಾಕೆ ಹೇಳಲಿ, ಅವತ್ತು ನನಗೆ ಆ ಮನುಷ್ಯನ ಮೇಲೆ ಕೆಟ್ಟ ಸಿಟ್ಟು ಬಂದಿತ್ತು.

ಕೆಲವು ದಿನಗಳ ಮೇಲೆ ಕೌನ್ಸೆಲಿಂಗಿಗೆ ವಿಜಾಪುರಕ್ಕೆ ಹೋಗುವ ದಿನ ಬಂತು. ಅತ್ತೆಯ ಜೊತೆಗೆ ಹೋಗಲೆಂದು ನಾನು ಹಿಂದಿನ ದಿನವೇ ಬಂದಿದ್ದೆ. ಆ ಸಂಜೆ ಕಟ್ಟೆಯ ಮೇಲೆ ಮಾವ, ನಾನು, ಇಬ್ಬರೂ ದಂಡೆಯನ್ನೇ ನೋಡುತ್ತಾ ಕೂತಿದ್ದೆವು. ಸಾಲಿಯ ಹುಡುಗರು ಬಂದು ಹೋದರು. ಎಮ್ಮೆಗಳು ಬಂದು ಹೋದವು. ಅತ್ತೆ ಬರಲಿಲ್ಲ. ಗೆಜ್ಜೆಯ ಸದ್ದೂ ಇಲ್ಲ. ಕರೆಂಟು ಎರಡು ದಿನದಿಂದ ಮುಖ ತೋರಿಸಿರಲಿಲ್ಲ, ಬ್ಯಾಟರಿ ಮುಗಿದಿರಬೇಕು ಎಂದೆ. ಮಾವ ಏಳುತ್ತಿದ್ದರು, ಕೂರುತ್ತಿದ್ದರು. ಎದುರಿಗೇ ಖಾಲಿ ಚಕ್ಕಡಿಯೊಂದು ಹೊರೆ ಹೊತ್ತವಳನ್ನು ಇಳಿಜಾರಿಗೆ ಇಳಿಸಿ ಮುಂದೆ ಹೋಯಿತು. ಮಾವ ಪೀಪಿ ಮುಟ್ಟಲಿಲ್ಲ. ಆಮೇಲೆ ಬಾರುಕೋಲನ್ನು ಕಟ್ಟೆಯ ಮೇಲೆಯೇ ಬಿಟ್ಟು, ದಂಡೆ ಹಿಡಿದು ಬಿರಬಿರನೆ ನಡೆದರು. ನಾನೂ ಹಿಂದೆ ಓಡಿದೆ.

ತಿರುವು ದಾಟಿದ ಮೇಲೆ ಅತ್ತೆ ಕಂಡಳು. ಗಾಡಿ ನಿಂತಿತ್ತು. ಅವಳು ಗಾಡಿಯ ಮೇಲೆಯೇ ಕೊಡೆ ಹಿಡಿದುಕೊಂಡು, ನೀರು ನೋಡುತ್ತಾ ಕೂತಿದ್ದಳು. ಮಾವನನ್ನು ಕಂಡು ಇಳಿಯಲು ಹೋದಳು.

"ಕೂಡು," ಎಂದರು ಮಾವ.

"ಗಾಡಿ ನಿಂತೈತ್ರಿ."

"ಕೂಡು ಅಂದ್ನಲ್ಲ."

ಹಿಂದೆ ಹೋಗಿ, ಪಂಚೆ ಎತ್ತಿ ಕಟ್ಟಿ, ಸೀಟಿನ ಹಿಂದಿನ ಕಂಬಿ ಹಿಡಿದು ದಬ್ಬತೊಡಗಿದರು. ಗೆಜ್ಜೆ ಘಲ್ ಎಂದಿತು. ಅರವತ್ತರ ಹತ್ತಿರದ ಮನುಷ್ಯ, ಏದುಸಿರು ಬಿಡುತ್ತಾ ದಬ್ಬುತ್ತಿದ್ದರು. ನಾನು ಕೈ ಹಾಕಲು ಹೋದರೆ ಮೊಣಕೈಯಿಂದ ನನ್ನನ್ನು ಸರಿಸಿದರು.

ಅಷ್ಟರಲ್ಲಿ ಎದುರಿಗೆ ಬಂತು ನೋಡಿ, ಕಬ್ಬಿನ ಚಕ್ಕಡಿ! ಎತ್ತುಗಳು ಬಗ್ಗಿ ಎಳೆಯುವಷ್ಟು ಹೇರು. ಅದರ ಮೇಲೆ ಕೂತಿದ್ದವನು ಯಾರು ಗೊತ್ತೆ? ಹಿಂದೆ ಗೊಬ್ಬರದ ಚಕ್ಕಡಿಯನ್ನು ಕುರಿ ಹಿಂಡಿಗಾಗಿ ಸರಿಸಿಕೊಂಡು ನಿಂತಿದ್ದನಲ್ಲ, ಅವನೇ. ಕಾಯ್ದೆಯ ಪ್ರಕಾರ ಖಾಲಿ ಗಾಡಿ ಇಳಿಯಬೇಕು. ಇಳಿಯಬೇಕಾದವಳು ಅತ್ತೆ.

ಅತ್ತೆ ಒಂದು ಕಾಲು ನೆಲಕ್ಕೆ ಇಟ್ಟಳು. ಮಾವ ಹಿಂದಿನಿಂದಲೇ ಕೂಗಿದರು:

"ಹೇರಿನ ಗಾಡಿ ಬರಾಕತ್ತೈತಿ, ದಾರಿ ಬಿಡಪಾ!"

ಚಕ್ಕಡಿಯವನು ಎತ್ತುಗಳನ್ನು ನಿಲ್ಲಿಸಿದ. ಮಾವನನ್ನು ನೋಡಿದ, ಗಾಡಿ ನೋಡಿದ, ಅತ್ತೆಯನ್ನು ನೋಡಿದ. ಇಷ್ಟು ವರ್ಷ ಕಾದಿದ್ದ ಅವಕಾಶ, ಸುಮ್ಮನೆ ಬಿಡುತ್ತಾನೆಯೇ?

"ಹೇರು ಏನ್ ಐತ್ರಿ, ಗೌಡ್ರ?"

"ಕಣ್ಣಿಗಿ ಕಾಣವಲ್ದೇನು?"

"ಕಾಣತೈತ್ರಿ. ಎಲ್ಲಿ ಇಳಸ್ತೀರಿ?"

ಮಾವನ ಕಾಯ್ದೆಯನ್ನು ಮಾವನ ಮುಂದೆಯೇ ಇಟ್ಟಿದ್ದ. ಮಾವ ಕಂಬಿ ಬಿಡಲಿಲ್ಲ. ಉಸಿರು ಎಳೆದುಕೊಂಡು, ಈ ಸಲ ಕೂಗದೆ, ಮೆಲ್ಲಗೆ ಹೇಳಿದರು:

"ಎಲ್ಲೂ ಇಳಸಂಗಿಲ್ಲಪಾ. ಇದನ್ನ ಎಲ್ಲೂ ಇಳಸಂಗಿಲ್ಲ."

ಚಕ್ಕಡಿಯವನ ಮುಖದ ನಗು ಹೋಯಿತು. ಕೆಳಗೆ ಹಾರಿ, ಎತ್ತುಗಳ ಹಗ್ಗ ಹಿಡಿದು, ಹಿಂದಿದ್ದ ತೂಬಿನ ಹತ್ತಿರದ ಅಗಲ ಜಾಗಕ್ಕೆ ಚಕ್ಕಡಿಯನ್ನು ಹಿಂದೆ ಸರಿಸಿದ. ಅಷ್ಟು ಹೇರಿನ ಚಕ್ಕಡಿಯನ್ನು ಹಿಂದೆ ಸರಿಸುವುದು ಸುಲಭವೇ? ನಾನೂ ಗಾಲಿಗೆ ಕೈಕೊಟ್ಟೆ. ಅತ್ತೆ ಕೊಡೆಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡು ಹಾದುಹೋದಳು. ಬಿಸಿಲು ಯಾವಾಗಲೋ ಇಳಿದಿತ್ತು.

ಮರುದಿನ ಅತ್ತೆ ವಿಜಾಪುರದ ಬಸ್ಸು ಹತ್ತಲಿಲ್ಲ. ಒಲೆಯ ಮುಂದೆ ಮಣೆಯ ಮೇಲೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಬ್ಯಾಟರಿ ಅಷ್ಟು ಕೆಟ್ಟ ಹೊತ್ತಿನಲ್ಲಿ ಮುಗಿಯಬೇಕೇ ಎಂದು ನಾನು ಗಾಡಿಯನ್ನು ಬೈದೆ. ಅತ್ತೆ ಸುತ್ತ ನೋಡಿ, ದನಿ ತಗ್ಗಿಸಿದಳು.

"ಮುಗದಿರಲಿಲ್ಲವಾ. ಮನೀತನ ಬರೂವಷ್ಟು ಇತ್ತು. ಕೀಲಿ ತಗದು ಸೆರಗಿಗಿ ಕಟ್ಕೊಂಡು ಕುಂತಿದ್ದೆ. ನಿಮ್ಮ ಮಾವ ಆ ಬೇವಿನ ಕಟ್ಟಿ ಬಿಟ್ಟು ಬರ್ತಾರೇನು, ನೋಡೂಣು ಅಂತ."

ನಾನು ಅಲ್ಲಿಂದ ಎದ್ದವಳೇ ಕಟ್ಟೆಗೆ ಓಡಿದೆ. ಇಂಥ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲು ನಾನೇನು ಸನ್ಯಾಸಿನಿಯೇ? ಇಷ್ಟೂ ವರ್ಷ ಊರಿಗೆಲ್ಲ ತೀರ್ಪು ಕೊಟ್ಟ ಮನುಷ್ಯನನ್ನು ಹೆಂಡತಿ ಹೇಗೆ ದಬ್ಬುವಂತೆ ಮಾಡಿದಳು ಎಂದು ನಗುತ್ತಾ ಹೇಳಿದೆ. ಮಾವನ ಮುಖದಲ್ಲಿ ಏನೂ ಬದಲಾಗಲಿಲ್ಲ.

"ಗೊತ್ತೈತಿ. ಸೆರಗಿನ ಗಂಟು ಕಂಡಿತ್ತು ನನಗ," ಎಂದರು.

"ಮತ್ತ್ಯಾಕ ದಬ್ಬಿದಿ, ಮಾವಾ?"

ಮಾವ ದಂಡೆಯ ಕಡೆ ನೋಡಿದರು.

"ನನ್ನ ದಾರಿ ನೋಡ್ಕೋತ ಕುಂತಿದ್ಲಲ್ಲ, ಸೊಸಿ."

ಅಷ್ಟರಲ್ಲಿ ಹಿಂದೆ ಗೆಜ್ಜೆಯ ಸದ್ದು ಕೇಳಿಸಿತು. ರೊಟ್ಟಿಯ ಬುತ್ತಿ ಕಟ್ಟಿಕೊಂಡು ಅತ್ತೆ ಸಾಲಿಗೆ ಹೊರಟಿದ್ದಳು. ಎದುರಿನಿಂದ ಜೋಳದ ಚೀಲಗಳ ಚಕ್ಕಡಿಯೊಂದು ಸೇತುವೆಯ ಹತ್ತಿರ ಬರುತ್ತಿತ್ತು. ಮಾವ ಪೀಪಿ ಬಾಯಿಗಿಟ್ಟು ಜೋರಾಗಿ ಊದಿ, ಬಾರುಕೋಲು ಎತ್ತಿ, ಚಕ್ಕಡಿಯವನಿಗೆ ಸರಿಯಲು ಹೇಳಿದರು.